ಗುಂಡಿಯಲ್ಲಿ ಕಂಡ ಚಂದ್ರಲೋಕ

2019ನೆಯ ಇಸವಿಯ ಸೆಪ್ಟೆಂಬರ್ 2ನೆಯ ತಾರೀಖು ಗಣೇಶ ಚತುರ್ಥಿ. ಮನೆಮನೆಯಲ್ಲಿಯೂ ವಿಘ್ನೇಶ್ವರನ ಪೂಜೆ ನಡೆಯುತ್ತಿದ್ದ ಆ ದಿನ ಬೆಂಗಳೂರಿನ ಜನರ ಕೈಯಿಂದ ಕೈಗೆ ಒಂದು ಸಣ್ಣ ಚಲಚ್ಚಿತ್ರವು ಹರಿದಾಡಿತು. ಗಗನಯಾತ್ರಿಯ ಉಡುಪನ್ನು ಧರಿಸಿದ ಮನುಷ್ಯನೊಬ್ಬನು ರಾತ್ರಿಯ ಕತ್ತಲಲ್ಲಿ, ಕುಳಿಬಿದ್ದ ನೆಲದ ಮೇಲೆ, ಮೈಗೆ ಭಾರವೇ ಇಲ್ಲವೆಂಬಂತೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಿದ್ದನು. ನೋಡಿದವರು ಕ್ಷಣಕಾಲ ಅದನ್ನು ಚಂದ್ರಲೋಕವೆಂದೇ ಭ್ರಮಿಸಿದರು. ಅಷ್ಟರಲ್ಲಿ ಅವನ ಮಗ್ಗುಲಲ್ಲಿಯೇ ಒಂದು ಆಟೋರಿಕ್ಷಾ ಹಾದುಹೋಯಿತು. ಆ ನೆಲವು ನಮ್ಮ ನಗರದ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಯ ಕಡೆಯ ಹೇರೋಹಳ್ಳಿಯಲ್ಲಿರುವ ತುಂಗಾನಗರದ ಮುಖ್ಯರಸ್ತೆಯೆಂಬುದು ಆಗ ಎಲ್ಲರಿಗೂ ತಿಳಿಯಿತು.

ಈ ವಿನೋದವನ್ನು ಕಲ್ಪಿಸಿದವರು ಚಿತ್ರಕಾರರಾದ ಶ್ರೀ ಬಾದಲ್ ನಂಜುಂಡಸ್ವಾಮಿಯವರು. ಗಗನಯಾತ್ರಿಯ ವೇಷವನ್ನು ಹಾಕಿದವರು ನಟರಾದ ಶ್ರೀ ಪೂರ್ಣಚಂದ್ರ ಮೈಸೂರು ಅವರು. ಜುಲೈ 22ರಂದು ಹೊರಟಿದ್ದ ನಮ್ಮ ಚಂದ್ರಯಾನ-2 ನೌಕೆಯು ಚಂದ್ರನನ್ನು ಸುತ್ತುತ್ತಿದ್ದ ದಿನಗಳವು. ವಿಕ್ರಮ ಶಕಟವು ಚಂದ್ರನ ಮೇಲೆ ಇಳಿಯಬೇಕಾಗಿದ್ದುದು ಸೆಪ್ಟೆಂಬರ್ 7ರ ಬೆಳಗಿನ ಜಾವದಲ್ಲಿ. ದೇಶವೆಲ್ಲ ತಲೆಯೆತ್ತಿ ಆಕಾಶವನ್ನು ನೋಡುತ್ತಿದ್ದಾಗ ಈ ಚಿತ್ರಕಾರರು ನಮ್ಮ ದೃಷ್ಟಿಯನ್ನು ಮೆಲ್ಲನೆ ಕಾಲಬುಡಕ್ಕೆ ತಿರುಗಿಸಿದರು. ಚಲಚ್ಚಿತ್ರವು ಪ್ರಕಟವಾದ ಮರುದಿನವೇ ಪಾಲಿಕೆಯವರ ಯಂತ್ರಗಳು ತುಂಗಾನಗರಕ್ಕೆ ಬಂದವು, ದುರಸ್ತಿಯು ಆರಂಭವಾಯಿತು. ಪತ್ರಿಕೆಗಳು ಕಲಾವಿದರ ಗೆಲುವನ್ನು ಹೊಗಳಿದವು, ಜನರು ನಕ್ಕರು, ಪ್ರಕರಣವು ಮುಗಿಯಿತು.

ಪ್ರಕರಣವು ಮುಗಿಯಲಿಲ್ಲವೆಂದು ನಮ್ಮ ಅಭಿಪ್ರಾಯ. ಈ ಘಟನೆಯನ್ನು ನೆನೆದಾಗಲೆಲ್ಲ ನಮಗೆ ಮೊದಲು ನಗೆ ಬರುತ್ತದೆ, ಅದರ ಹಿಂದೆಯೇ ನಾಚಿಕೆಯೂ ಬರುತ್ತದೆ. ನಗೆಗೆ ಕಾರಣರು ಚಿತ್ರಕಾರರು. ನಾಚಿಕೆಗೆ ಕಾರಣರು ಯಾರೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಶ್ರೀ ನಂಜುಂಡಸ್ವಾಮಿಯವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಶಾಸ್ತ್ರೋಕ್ತವಾಗಿ ಚಿತ್ರಕಲೆಯನ್ನು ಅಭ್ಯಸಿಸಿದವರು. ಬಯಸಿದ್ದರೆ ಚೌಕಟ್ಟಿನೊಳಗಿನ ಚಿತ್ರಗಳನ್ನು ಬರೆದು ಶ್ರೀಮಂತರ ನಡುಮನೆಗಳನ್ನು ಅಲಂಕರಿಸಬಹುದಾಗಿತ್ತು. ಅವರು ಆರಿಸಿಕೊಂಡುದು ಬೀದಿಯನ್ನು. 2015ರ ಜೂನ್ ತಿಂಗಳಿನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರಿನ ಕೊಳವೆಯು ಒಡೆದು ಸುಮಾರು 12 ಅಡಿ ಉದ್ದದ ಹೊಂಡವುಂಟಾಗಿತ್ತು. ಅವರು ಅದರ ಸುತ್ತ ಹಸುರು ಬಣ್ಣ ಬಳಿದು ಕೊಳವನ್ನಾಗಿ ಮಾಡಿ, ನಡುವೆ ಒಂದು ಕೃತಕ ಮೊಸಳೆಯನ್ನು ತೇಲಿಬಿಟ್ಟರು. ಸುಮಾರು 20 ಕಿಲೋ ತೂಕದ ಆ ಮೊಸಳೆಗೆ ತಗುಲಿದ ಸುಮಾರು 6,000 ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಟ್ಟರು. ವಾರಗಟ್ಟಲೆ ಯಾರ ಕಣ್ಣಿಗೂ ಬೀಳದಿದ್ದ ಹೊಂಡವು ಒಂದೇ ದಿನದಲ್ಲಿ ಜಗತ್ಪ್ರಸಿದ್ಧವಾಗಿ, ಕೂಡಲೇ ಮುಚ್ಚಲ್ಪಟ್ಟಿತು. ಅದೇ ವರ್ಷ ಯಶವಂತಪುರದ ಬಳಿ ಮನುಷ್ಯನನ್ನು ನುಂಗುತ್ತಿರುವ ಮಹಾಸರ್ಪವೊಂದು ಗುಂಡಿಯಿಂದ ಮೇಲೆದ್ದಿತು. 2017ರ ಅಕ್ಟೋಬರಿನಲ್ಲಿ ಕಾಮರಾಜ ರಸ್ತೆಯ ಬಳಿಯ ಮಳೆನೀರಿನ ಗುಂಡಿಯಲ್ಲಿ ಮತ್ಸ್ಯಕನ್ಯೆಯೊಬ್ಬಳು ಕುಳಿತಿದ್ದಳು. ಕನ್ನಡ ಚಿತ್ರರಂಗದ ನಟಿಯೊಬ್ಬರು ಆ ವೇಷವನ್ನು ಧರಿಸಿದ್ದರು. ಆ ಮಳೆಗಾಲದಲ್ಲಿ ರಸ್ತೆಯ ಗುಂಡಿಗಳಿಂದಾದ ಅಪಘಾತಗಳಲ್ಲಿ ನಮ್ಮ ನಗರದ ಹಲವರು ಪ್ರಾಣ ಕಳೆದುಕೊಂಡಿದ್ದರೆಂಬುದನ್ನು ವಾಚಕರು ಮರೆತಿರಲಾರರು. ಆ ಮತ್ಸ್ಯಕನ್ಯೆಯ ವಿನೋದದ ಅಡಿಯಲ್ಲಿ ಮಡಿದವರ ಮನೆಗಳ ದುಃಖವೂ ಇದ್ದಿತು.

ಇಂತಹ ಕಲೆಗೆ ಗೋಡೆಯೂ ಬೇಕಿಲ್ಲ, ಚೌಕಟ್ಟೂ ಬೇಕಿಲ್ಲ. ರಸ್ತೆಯ ಮೇಲೆ ಒಂದು ಆಕೃತಿಯನ್ನು ಅಳತೆ ಮೀರಿ ಉದ್ದವಾಗಿ ಎಳೆದು ಬರೆದರೆ, ಒಂದು ನಿಶ್ಚಿತ ಸ್ಥಳದಲ್ಲಿ ನಿಂತವನ ಕಣ್ಣಿಗೆ ಅದು ನೆಲದಿಂದೆದ್ದು ನಿಂತಂತೆ ಕಾಣುವುದು. ಎರಡು ಹೆಜ್ಜೆ ಸರಿದರೆ ಬರಿಯ ಬಣ್ಣದ ಗೆರೆಗಳಾಗುವುದು. ಚಿತ್ರಕಾರನು ಬಣ್ಣದ ಡಬ್ಬಿಗಳನ್ನಿಟ್ಟುಕೊಂಡು ವಾಹನಗಳ ನಡುವೆ ಮೊಣಕಾಲೂರಿ ಕುಳಿತು ಬರೆಯುತ್ತಿದ್ದರೆ, ಮೊದಲು ಮಕ್ಕಳು ಬರುತ್ತಾರೆ, ಆಮೇಲೆ ಅಂಗಡಿಯವರು ಬರುತ್ತಾರೆ, ಕಡೆಗೆ ಕಚೇರಿಗೆ ಹೊರಟ ಗೃಹಸ್ಥರೂ ಗಾಡಿಯನ್ನು ನಿಲ್ಲಿಸಿ ನೋಡುತ್ತಾರೆ. ಕೊಟಡಿಯಲ್ಲಿ ತೂಗುಹಾಕಿದ ಚಿತ್ರವು ಸಿದ್ಧವಾದ ಮೇಲೆ ನಮಗೆ ದೊರೆಯುವುದು. ಬೀದಿಯ ಚಿತ್ರವಾದರೋ ನಮ್ಮ ಕಣ್ಣೆದುರಿಗೇ ಹುಟ್ಟುವುದು. ಅದನ್ನು ನೋಡಲು ಟಿಕೆಟ್ಟಿಲ್ಲ, ಪಾಂಡಿತ್ಯವೂ ಬೇಕಾಗಿಲ್ಲ. ದಿನವೂ ತಾನು ಬಳಸಿಕೊಂಡು ಹೋಗುತ್ತಿದ್ದ ಗುಂಡಿಯನ್ನು ಕೂಲಿಕಾರನೂ ಗುಮಾಸ್ತನೂ ಅಲ್ಲಿ ಮೊದಲನೆಯ ಸಲ ನಿಂತು ನೋಡುತ್ತಾನೆ. ಅಭ್ಯಾಸವೆಂಬುದು ಕಣ್ಣಿಗೆ ಕಟ್ಟಿದ ಬಟ್ಟೆ. ಕೆಟ್ಟ ರಸ್ತೆಯನ್ನು ಹತ್ತು ದಿನ ಸಹಿಸಿದವನು ಹನ್ನೊಂದನೆಯ ದಿನ ಅದನ್ನು ರಸ್ತೆಯ ಸ್ವಭಾವವೆಂದೇ ತಿಳಿಯುತ್ತಾನೆ. ಚಿತ್ರಕಾರನು ಬಂದು ಆ ಬಟ್ಟೆಯನ್ನು ಬಿಚ್ಚುತ್ತಾನೆ.

ಇದು ಹೊರದೇಶದಿಂದ ಬಂದ ಹುಚ್ಚು, ನಮ್ಮ ಸಂಪ್ರದಾಯಕ್ಕೆ ಸೇರಿದುದಲ್ಲ ಎಂದು ಹೇಳುವವರುಂಟು. ಚಿಕಾಗೊ ನಗರದಲ್ಲಿ ಕಲಾವಿದನೊಬ್ಬನು 2013ರಿಂದ ರಸ್ತೆಯ ಗುಂಡಿಗಳಲ್ಲಿ ಬಣ್ಣದ ಹರಳುಗಳ ಚಿತ್ರಗಳನ್ನು ಕೂಡಿಸುತ್ತ ಬಂದಿರುವುದು ನಿಜ. ಆದರೆ ನೆಲದ ಮೇಲೆ ಚಿತ್ರ ಬರೆಯುವುದನ್ನು ಕನ್ನಡಿಗರಿಗೆ ಚಿಕಾಗೊದವರು ಕಲಿಸಬೇಕಾಗಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಮುಂಜಾನೆ ನಡೆದುಹೋದವರು ಬಾಗಿಲು ಬಾಗಿಲಿನಲ್ಲಿಯೂ ರಂಗೋಲಿಯನ್ನು ಕಂಡಿರುವರು. ಮೊದಲು ಗುಡಿಸಿ, ನೀರು ಚೆಲ್ಲಿ, ನೆಲವನ್ನು ಹಸನು ಮಾಡಿ, ಆಮೇಲೆ ರಂಗೋಲಿಯನ್ನಿಡುವುದು ನಮ್ಮ ತಾಯಂದಿರ ಪದ್ಧತಿ. ಕಸದ ಮೇಲೆ ರಂಗೋಲಿಯಿಡುವ ಗೃಹಿಣಿಯಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವುಂಟು.

ಅಧಿಕಾರವುಳ್ಳವರನ್ನು ಚಿತ್ರದಲ್ಲಿ ಹಾಸ್ಯಮಾಡುವುದೂ ನಮಗೆ ಹೊಸದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ನೆಯ ಇಸವಿಯ ಪೊಳ್ಳಿಲೂರು ಕದನದ ಚಿತ್ರವಿರುವುದು. ಅದರಲ್ಲಿ ಇಂಗ್ಲಿಷರ ಕರ್ನಲ್ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ಗಾಬರಿಯಿಂದ ಬೆರಳು ಕಚ್ಚುತ್ತಿದ್ದಾನೆ. ತಮ್ಮ ಸೇನೆಯ ಸೋಲನ್ನು ಹೀಗೆ ಅಪಹಾಸ್ಯ ಮಾಡಿದ ಆ ಚಿತ್ರವನ್ನು ಇಂಗ್ಲಿಷರು ಕೆರೆದು ಹಾಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯೇ ಅದನ್ನು ಜೀರ್ಣೋದ್ಧಾರ ಮಾಡಿಸಿದನು. ಇನ್ನು 1942ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ನಮ್ಮ ಬೆಂಗಳೂರಿನಲ್ಲಿಯೇ ಆರಂಭಿಸಿದ 'ಕೊರವಂಜಿ'ಯ ನಗೆಯನ್ನು ಹಿರಿಯ ವಾಚಕರು ಬಲ್ಲರು. ಮುಂದೆ ದೇಶಪ್ರಸಿದ್ಧರಾದ ಆರ್. ಕೆ. ಲಕ್ಷ್ಮಣರು ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಕೊರವಂಜಿಯು ಕೈ ಹಿಡಿದು ನಗುನಗುತ್ತಲೇ ಕಹಿಯಾದ ಕಣಿಯನ್ನು ಹೇಳುವವಳು. ಹೇರೋಹಳ್ಳಿಯಲ್ಲಿ ನಡೆದುದೂ ಅಂತಹ ಕಣಿಯೇ.

ಆದರೂ ಆಕ್ಷೇಪಣೆಗಳಿವೆ, ಅವನ್ನು ನ್ಯಾಯವಾಗಿ ಪರಿಶೀಲಿಸುವುದು ನಮ್ಮ ಕರ್ತವ್ಯ. ನಮ್ಮ ಮನೆಯ ಗುಟ್ಟನ್ನು ಊರಿಗೆಲ್ಲ ಸಾರಿ ಲೋಕದ ಮುಂದೆ ನಗರದ ಮಾನ ಕಳೆಯಬಹುದೆ ಎಂಬುದು ಮೊದಲನೆಯದು. ನಗರದ ಮಾನವನ್ನು ಕಳೆಯುವುದು ಗುಂಡಿಯೇ ಹೊರತು ಗುಂಡಿಯ ಚಿತ್ರವಲ್ಲ. ಮುಖದ ಮಸಿಗೆ ಕನ್ನಡಿಯನ್ನು ಬೈದು ಫಲವಿಲ್ಲ. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯುವುದಕ್ಕೆ 1981ರ ಶಾಸನವೊಂದಿರುವಾಗ, ರಸ್ತೆಯ ಮೇಲೆ ಬಣ್ಣ ಬಳಿಯುವವರಿಗೆ ಉತ್ತೇಜನ ಕೊಡಬಹುದೆ ಎಂಬುದು ಎರಡನೆಯದು. ಜಾಹೀರಾತುಗಳ ಹಾವಳಿಯಿಂದ ಊರನ್ನು ಕಾಪಾಡುವ ಆ ಶಾಸನವನ್ನು ನಾವು ಗೌರವಿಸುತ್ತೇವೆ. ಆದರೆ ನಡುರಸ್ತೆಯ ಹಳ್ಳವು ವಿರೂಪವೆನಿಸದೆ, ಅದರ ಸುತ್ತ ಬಳಿದ ಬಣ್ಣವು ಮಾತ್ರ ವಿರೂಪವೆನಿಸುವುದಾದರೆ, ನ್ಯಾಯದೇವತೆಯು ಕಣ್ಣಿನ ಬಟ್ಟೆಯನ್ನು ತೆಗೆದು ಒಮ್ಮೆ ನೋಡಬೇಕಾಗುವುದು. ವಾಹನಗಳ ನಡುವೆ ಇಂತಹ ಚಿತ್ರಗಳು ಅಪಾಯಕ್ಕೆ ಕಾರಣವಾಗಬಹುದೆಂಬುದು ಮೂರನೆಯ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವುಂಟು, ಕಲಾವಿದರು ಎಚ್ಚರದಿಂದಿರಬೇಕು. ಆದರೆ ಮೊಸಳೆಯನ್ನು ಕಂಡು ನಿಧಾನಿಸಿದವನಿಗಿಂತ, ನೀರು ತುಂಬಿದ ಗುಂಡಿಯನ್ನು ಕಾಣದೆ ಬಿದ್ದವನಿಗೆ ಅಪಾಯವು ಹೆಚ್ಚಲ್ಲವೆ?

ಈಗ ನಮ್ಮ ನಾಚಿಕೆಯ ಕಾರಣವನ್ನು ಹೇಳುತ್ತೇವೆ. ಕಲಾವಿದರು ಚಿತ್ರವನ್ನು ತೋರಿಸಿದ ಮರುದಿನವೇ ಕೆಲಸವು ಆರಂಭವಾಯಿತಷ್ಟೆ. ಜಲ್ಲಿಯಿತ್ತು, ಯಂತ್ರವಿತ್ತು, ಆಳುಗಳಿದ್ದರು, ಹಣವಿತ್ತು, ಆಜ್ಞೆ ಕೊಡುವ ಅಧಿಕಾರವೂ ಇತ್ತು ಎಂದು ಇದರಿಂದ ಸಿದ್ಧವಾಯಿತು. ಹಿಂದಿನ ದಿನದವರೆಗೆ ಇಲ್ಲದಿದ್ದುದು ಒಂದೇ: ನಾಲ್ಕು ಜನ ನೋಡಿ ನಗುತ್ತಿದ್ದಾರೆಂಬ ಭಯ. ನಮಗೆ ಬರುವ ವಾಚಕರ ಪತ್ರಗಳಲ್ಲಿ ರಸ್ತೆಯ ದೂರಿಲ್ಲದ ವಾರವು ಅಪರೂಪ. ಮಗುವನ್ನು ಶಾಲೆಗೆ ಕರೆದೊಯ್ಯುವ ತಾಯಿ, ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುವವನು, ಕೋಲೂರಿಕೊಂಡು ದೇವಸ್ಥಾನಕ್ಕೆ ನಡೆಯುವ ವೃದ್ಧರು, ಇವರಿಗೆ ಚಿತ್ರ ಬರೆಯುವ ವಿದ್ಯೆಯಿಲ್ಲ. ಇವರು ಬಲ್ಲುದು ಒಂದು ಅರ್ಜಿಯನ್ನು ಬರೆಯುವುದು, ಕಚೇರಿಯ ಮುಂದೆ ನಿಲ್ಲುವುದು, ನಾಳೆ ಬನ್ನಿ ಎನ್ನಿಸಿಕೊಂಡು ಹಿಂದಿರುಗುವುದು. ಸಾಮಾನ್ಯನ ದೂರು ಸಾಮಾನ್ಯವಾದ ಮಾತಿನಲ್ಲಿದ್ದರೆ ಕೇಳಿಸದು, ಅದು ವೇಷ ಹಾಕಿಕೊಂಡು ಕುಣಿದರೆ ಮಾತ್ರ ಕೇಳಿಸುವುದು ಎಂದಾದರೆ, ಅದು ಆಡಳಿತದ ಲಕ್ಷಣವಲ್ಲ, ದರ್ಬಾರಿನ ಲಕ್ಷಣ. ದೊರೆಯನ್ನು ನಗಿಸಿದವನಿಗೆ ಇನಾಮು, ಉಳಿದವರಿಗೆ ಬಾಗಿಲ ಹೊರಗೆ ಜಾಗ! ಅತ್ತು ಕರೆದು ಔತಣ ಹೇಳಿಸಿಕೊಂಡಂತೆ ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ನಗಿಸಿ ರಸ್ತೆ ಹಾಕಿಸಿಕೊಳ್ಳುವ ಕಾಲವನ್ನೂ ಕಂಡೆವು.

ಇನ್ನೊಂದು ಮಾತು. ಸುಲ್ತಾನ್‌ಪಾಳ್ಯದಲ್ಲಿ ಮೊಸಳೆಯಿದ್ದ ಹೊಂಡವನ್ನು ಮುಚ್ಚಿದರು. ಹೇರೋಹಳ್ಳಿಯಲ್ಲಿ ಚಂದ್ರನಾಗಿ ಕಂಡ ನೆಲವನ್ನು ಸರಿಪಡಿಸಿದರು. ಚಿತ್ರ ಬರೆಸಿಕೊಳ್ಳುವ ಭಾಗ್ಯವಿಲ್ಲದ ಪಕ್ಕದ ಬೀದಿಯ ಗುಂಡಿಗಳ ಗತಿಯೇನು? ಒಬ್ಬ ನಂಜುಂಡಸ್ವಾಮಿಯವರು ಎಷ್ಟು ಬೀದಿಗಳಲ್ಲಿ ಮೊಣಕಾಲೂರಬಲ್ಲರು? ಮೊಸಳೆ, ಸರ್ಪ, ಮತ್ಸ್ಯಕನ್ಯೆ, ಗಗನಯಾತ್ರಿ ಎಂದು ಒಂದು ಸಲಕ್ಕಿಂತ ಒಂದು ಸಲ ಹೆಚ್ಚು ವಿಚಿತ್ರವಾದುದನ್ನು ಅವರು ಕಲ್ಪಿಸಬೇಕಾಯಿತಲ್ಲದೆ, ಮೊದಲನೆಯ ಮೊಸಳೆಯೇ ಸಾಕಾಗಲಿಲ್ಲ. ಅಧಿಕಾರಿಗಳು ಚಿತ್ರಕ್ಕೆ ಉತ್ತರ ಕೊಟ್ಟರು. ರಸ್ತೆಗೆ ಉತ್ತರ ಕೊಡಲಿಲ್ಲ.

ಗುಂಡಿಯು ಹೇಗೆ ಹುಟ್ಟುವುದೆಂಬುದು ಗೂಢವಾದ ವಿಷಯವಲ್ಲ. ಡಾಂಬರಿಗೆ ನೀರೇ ಶತ್ರು. ರಸ್ತೆಯ ನಡುಭಾಗವು ಎತ್ತರವಾಗಿ ಎರಡು ಪಕ್ಕಗಳಿಗೂ ಇಳಿಜಾರಿದ್ದು, ಪಕ್ಕದ ಮೋರಿಯು ರಸ್ತೆಗಿಂತ ಕೆಳಗಿದ್ದು ಹೂಳಿಲ್ಲದೆ ಹರಿಯುತ್ತಿದ್ದರೆ, ಮಳೆಯ ನೀರು ನಿಲ್ಲುವುದಿಲ್ಲ. ನಿಂತ ನೀರು ಬಿರುಕಿನೊಳಗೆ ಇಳಿದು ಜಲ್ಲಿಗೂ ಡಾಂಬರಿಗೂ ಇರುವ ಬೆಸುಗೆಯನ್ನು ಬಿಡಿಸುವುದು. ಮೇಲೆ ಹೋಗುವ ಪ್ರತಿಯೊಂದು ಚಕ್ರವೂ ಆ ನೀರನ್ನು ಒತ್ತಿ ಒತ್ತಿ ಒಳಗಿನ ಮಣ್ಣನ್ನು ಕಲಕುವುದು. ಒಂದು ರಾತ್ರಿಯ ಬಿರುಮಳೆಗೆ ಹೆಂಚಿನಗಲದ ಕುಳಿಯು ಹೊಂಡವಾಗುವುದು. ಇದರ ಮೇಲೆ ಅಗೆತವೊಂದು. 2007ರಲ್ಲಿ 7 ನಗರಸಭೆಗಳನ್ನೂ 1 ಪುರಸಭೆಯನ್ನೂ 110 ಹಳ್ಳಿಗಳನ್ನೂ ಹಳೆಯ ನಗರಕ್ಕೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಕಾಗದದ ಮೇಲೆ ನಗರವು ಒಂದೇ ದಿನದಲ್ಲಿ ಬೆಳೆಯಿತು. ನೀರಿನ ಕೊಳವೆ, ಒಳಚರಂಡಿಗಳು ಆಮೇಲೆ ವರ್ಷಗಟ್ಟಲೆ ಒಂದೊಂದಾಗಿ ಬಂದವು. ನೀರಿನವರು ಒಮ್ಮೆ, ವಿದ್ಯುತ್ತಿನವರು ಒಮ್ಮೆ, ತಂತಿಯವರು ಒಮ್ಮೆ ಅಗೆದರು. ಅಗೆದ ಹಳ್ಳಕ್ಕೆ ಮಣ್ಣನ್ನು ಪದರ ಪದರವಾಗಿ ತುಂಬಿ ಗಟ್ಟಿಸದೆ, ಮೇಲೆ ಒಂದು ಬೆರಳ ದಪ್ಪ ಡಾಂಬರು ಸವರಿದರೆ, ಅದು ರಸ್ತೆಯಾಗದು; ಹುಣ್ಣಿನ ಮೇಲೆ ಹಚ್ಚಿದ ಗಂಧವಾದೀತು.

ಇದನ್ನು ಸರಿಪಡಿಸುವ ಜಾಣತನವು ನಮ್ಮವರಲ್ಲಿಲ್ಲವೆ? ಈ ಪ್ರಶ್ನೆಗೆ ನಗರದ ಪಶ್ಚಿಮ ಭಾಗವೇ ಉತ್ತರ ಹೇಳುವುದು. ಚಂದ್ರಯಾನದ ನೌಕೆಗಳನ್ನು ನಡೆಸಿದ ನಿಯಂತ್ರಣ ಕೇಂದ್ರವು ಇರುವುದು ಪೀಣ್ಯದಲ್ಲಿ. ಹೇರೋಹಳ್ಳಿಗೆ ಅದು ಕೆಲವೇ ಮೈಲಿಗಳ ದೂರ. ನಗರದಿಂದ ಸುಮಾರು 40 ಕಿಲೋಮೀಟರುಗಳಾಚೆ, ಪಶ್ಚಿಮದ ಹೊಲಗಳ ನಡುವೆ ಬ್ಯಾಲಾಳು ಎಂಬ ಗ್ರಾಮವುಂಟು. ಅಲ್ಲಿ 2008ರಿಂದ ಕೆಲಸ ಮಾಡುತ್ತಿರುವ 32 ಮೀಟರು ವ್ಯಾಸದ ಮಹಾ ಬೋಗುಣಿಯಂತಹ ಆಂಟೆನಾವು ಚಂದ್ರನ ಕಡೆಯಿಂದ ಬರುವ ಅತಿ ಕ್ಷೀಣವಾದ ಧ್ವನಿಯನ್ನು ಹಿಡಿಯುವುದು. ಸುಮಾರು 3,84,000 ಕಿಲೋಮೀಟರುಗಳಾಚೆಯ ಪಿಸುಮಾತನ್ನು ಕೇಳಬಲ್ಲ ಕಿವಿಯು ಒಂದು ಕಡೆ, ಆ ನೌಕೆಗೆ ದಾರಿ ತೋರಿಸುವ ಮಿದುಳು ಇನ್ನೊಂದು ಕಡೆ. ಅಂತಹ ಸೀಮೆಯ ರಸ್ತೆಯೇ ಚಂದ್ರನ ನೆಲವನ್ನು ಹೋಲುತ್ತಿದ್ದಿತು! ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಹೋಲಿಕೆಯನ್ನು ಕಲಾವಿದರು ವಿನೋದಕ್ಕಾಗಿ ಮಾಡಿದರು. ನಾವು ಅದನ್ನು ಪಾಠಕ್ಕಾಗಿ ಇನ್ನೂ ಸ್ವಲ್ಪ ದೂರ ನಡೆಸಬಯಸುತ್ತೇವೆ. ಸೆಪ್ಟೆಂಬರ್ 7ರ ಬೆಳಗಿನ ಜಾವದಲ್ಲಿ ವಿಕ್ರಮ ಶಕಟವು ಚಂದ್ರನ ಮೇಲೆ ಬಿದ್ದು ಒಡೆಯಿತು. ನಮ್ಮ ವಿಜ್ಞಾನಿಗಳು ದುಃಖಿಸಿದರು, ಆದರೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಎಂಜಿನುಗಳು ಎಣಿಸಿದುದಕ್ಕಿಂತ ಹೆಚ್ಚು ಬಲವನ್ನು ಕೊಟ್ಟವು, ತಪ್ಪುಗಳನ್ನು ತಿದ್ದಿಕೊಳ್ಳುವ ಗಣಿತವು ಸಾಲದಾಯಿತು, 500 ಮೀಟರು ಚದರದ ಇಳಿದಾಣವು ಕಿರಿದಾಯಿತು ಎಂದು ಒಂದೊಂದನ್ನೂ ಬರೆದಿಟ್ಟು, ಲೋಕದ ಮುಂದೆ ಒಪ್ಪಿಕೊಂಡರು. ಏನೇನು ಕೆಡಬಹುದೆಂಬುದನ್ನು ಮೊದಲು ಎಣಿಸಿ, ಅದಕ್ಕೆ ತಕ್ಕ ಹಾಗೆ ಹೊಸ ಶಕಟವನ್ನು ಕಟ್ಟಿದರು. ಇಳಿದಾಣವನ್ನು ಹಲವು ಪಟ್ಟು ಹಿರಿದು ಮಾಡಿದರು. 2023ನೆಯ ಇಸವಿಯ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮವು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಮೆಲ್ಲನೆ ಕಾಲೂರಿತು.

ಇನ್ನು ರಸ್ತೆಯ ಕಡೆ ನೋಡಿರಿ. ಅದೇ ಗುಂಡಿಯು ಅದೇ ಜಾಗದಲ್ಲಿ ಮಳೆಗಾಲಕ್ಕೊಮ್ಮೆ ಬಾಯ್ದೆರೆಯುವುದು. ಪ್ರತಿ ಸಲವೂ ಅದನ್ನು ಮುಚ್ಚುವರು. ಅದು ಯಾಕೆ ಮತ್ತೆ ಬಾಯ್ದೆರೆಯಿತು, ಯಾರು ಅಗೆದರು, ಯಾರು ಮುಚ್ಚಿದರು, ಯಾರು ನೋಡಿ ಸರಿಯಾಗಿದೆಯೆಂದು ರುಜು ಹಾಕಿದರು ಎಂದು ವಿಚಾರಿಸಿ, ಜನರು ಓದುವಂತೆ ಬರೆದಿಟ್ಟ ಕಡತವು ಎಲ್ಲಿರುವುದು? ಪೀಣ್ಯದವರಿಗೂ ರಸ್ತೆಯವರಿಗೂ ಇರುವ ವ್ಯತ್ಯಾಸವು ಬುದ್ಧಿಯದಲ್ಲ. ಇಬ್ಬರೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೇ. ಸೋಲಿಗೆ ಲೆಕ್ಕ ಕೊಡುವ ಅಭ್ಯಾಸವು ಒಂದು ಕಡೆಯುಂಟು, ಇನ್ನೊಂದು ಕಡೆಯಿಲ್ಲ. ವ್ಯತ್ಯಾಸವೆಲ್ಲ ಇದರಲ್ಲಿಯೇ ಇರುವುದು.

ಲೆಕ್ಕ ಕೇಳತಕ್ಕವರು ಯಾರು? ಪ್ರಜಾಪ್ರಭುತ್ವದಲ್ಲಿ ಊರಿನ ರಸ್ತೆಗೆ ಉತ್ತರ ಹೇಳಬೇಕಾದವರು ವಾರ್ಡಿನ ಸದಸ್ಯರು. ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆ ನಡೆದು, ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಒಂದು ಕೋಟಿಗೂ ಮಿಕ್ಕ ಜನರ ನಗರವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿಯಿತು. 2019ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಗುಂಡಿಗಳಿಂದ ನೊಂದವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದು ಹೇಳಬೇಕಾಗಿ ಬಂತು. ಗುಂಡಿ ಮುಚ್ಚಿಸುವುದಕ್ಕೆ ನ್ಯಾಯಾಧೀಶರು ಬೇಕು, ಇಲ್ಲವೆ ಚಿತ್ರಕಾರರು ಬೇಕು ಎಂಬ ಸ್ಥಿತಿಯು ಯಾವ ನಾಗರಿಕ ಸಮಾಜಕ್ಕೂ ಭೂಷಣವಲ್ಲ. 2025ರ ಸೆಪ್ಟೆಂಬರ್ 2ರಂದು, ಹೇರೋಹಳ್ಳಿಯ ಗಗನಯಾತ್ರಿಯು ನಡೆದಾಡಿದುದಕ್ಕೆ ಸರಿಯಾಗಿ ಆರು ವರ್ಷಗಳಾದ ದಿನ, ಹಳೆಯ ಪಾಲಿಕೆಯು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಹುಟ್ಟಿದವು. ಪಶ್ಚಿಮಕ್ಕೂ ಒಂದು ಪಾಲಿಕೆಯು ದೊರೆಯಿತು. ಹೆಸರು ಬದಲಾದುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಫಲಕವನ್ನು ಬದಲಾಯಿಸಿದ ಮಾತ್ರಕ್ಕೆ ನೆಲವು ಬದಲಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯವೆಂದು ನಮಗೆ ತೋರುವುದು. ಚಿತ್ರಕಲೆಯ ಮೇಲೆ ಸರ್ಕಾರಕ್ಕೂ ಪ್ರೀತಿಯಿಲ್ಲದಿಲ್ಲ. 2009ರಲ್ಲಿ ಪಾಲಿಕೆಯು ನಗರದ ಗೋಡೆಗಳ ಮೇಲೆ ದೇವಾಲಯಗಳು, ಜಲಪಾತಗಳು, ಕಾಡುಮೃಗಗಳು ಮುಂತಾದ ಚಿತ್ರಗಳನ್ನು ಬರೆಯಿಸಿತು. ಮುದ್ರಿತ ಫ್ಲೆಕ್ಸುಗಳು ಬಂದು ಕೆಲಸ ಕಳೆದುಕೊಂಡಿದ್ದ ಸಿನೆಮಾ ಫಲಕಗಳ ಚಿತ್ರಗಾರರಿಗೆ ಅದರಿಂದ ಕೂಲಿ ದೊರೆಯಿತು, ಕೊಳಕು ಗೋಡೆಗಳು ಕಣ್ಣಿಗೆ ತಂಪಾದವು. ಅದನ್ನು ನಾವು ಸ್ವಾಗತಿಸುತ್ತೇವೆ. ಬಡಾವಣೆಗಳ ಶಾಲೆ, ಉದ್ಯಾನ, ಬಸ್ ನಿಲ್ದಾಣಗಳಲ್ಲಿ ಸ್ಥಳೀಯ ಕಲಾವಿದರಿಂದ ಇನ್ನೂ ಇಂತಹ ಚಿತ್ರಗಳನ್ನು ಬರೆಯಿಸಲಿ. ಆದರೆ ಮೇಲೆ ಹೇಳಿದ ರಂಗೋಲಿಯ ಮಾತನ್ನು ಇಲ್ಲಿ ನೆನೆಯಬೇಕು. ಮೊದಲು ನೆಲವನ್ನು ಹಸನು ಮಾಡಬೇಕು, ಆಮೇಲೆ ಬಣ್ಣ. ಗೋಡೆಯ ಮೇಲೆ ಜೋಗದ ಜಲಪಾತವನ್ನು ಬರೆಯಿಸಿ, ಅದರ ಕೆಳಗೆ ಒಡೆದ ಮೋರಿಯು ನಿಜವಾಗಿಯೇ ಭೋರ್ಗರೆಯುವಂತೆ ಬಿಟ್ಟರೆ, ಅದು ಅಲಂಕಾರವೂ ಅಲ್ಲ, ಆಡಳಿತವೂ ಅಲ್ಲ. ಮುಚ್ಚುವ ಬಣ್ಣ ಬೇರೆ, ತೋರಿಸುವ ಬಣ್ಣ ಬೇರೆ. ಈ ಎರಡನೆಯ ಬಣ್ಣಕ್ಕೇ ನಂಜುಂಡಸ್ವಾಮಿಯವರು ನಮ್ಮ ಕೃತಜ್ಞತೆಗೆ ಪಾತ್ರರಾಗಿದ್ದಾರೆ.

ಅಧಿಕಾರಿಗಳನ್ನು ಮಾತ್ರ ಹಳಿದು ಪುರಜನರನ್ನು ಬಿಟ್ಟರೆ ನಮ್ಮ ಮಾತು ಅರ್ಧ ಸತ್ಯವಾದೀತು. ಆ ಚಲಚ್ಚಿತ್ರವನ್ನು ನೋಡಿ ನಕ್ಕವರು, ನಾಲ್ಕು ಜನ ಮಿತ್ರರಿಗೆ ಕಳುಹಿಸಿದವರು, ಅಷ್ಟರಿಂದಲೇ ತಮ್ಮ ಪೌರಧರ್ಮವು ಮುಗಿಯಿತೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಮನೆಯ ಮುಂದೆ ಗಾಡಿ ಹತ್ತಿಸುವುದಕ್ಕೆಂದು ಮೋರಿಯ ಮೇಲೆ ಕಾಂಕ್ರೀಟು ಹಾಕಿ ನೀರಿನ ದಾರಿಯನ್ನು ಕಟ್ಟಿದವರು ಯಾರು? ಮನೆ ಕಟ್ಟುವಾಗ ಜಲ್ಲಿ ಮರಳುಗಳನ್ನು ರಸ್ತೆಯಲ್ಲಿ ಸುರಿದು, ಉಳಿದುದನ್ನು ಚರಂಡಿಗೆ ತಳ್ಳಿದವರು ಯಾರು? ನಲ್ಲಿಯ ಸಂಪರ್ಕಕ್ಕೆಂದು ಅಪ್ಪಣೆಯಿಲ್ಲದೆ ರಾತ್ರೋರಾತ್ರಿ ರಸ್ತೆಯನ್ನು ಅಗೆಯಿಸಿದವರು ಯಾರು? ಸರ್ಕಾರದ ಉಪೇಕ್ಷೆಗೆ ನಮ್ಮ ಸ್ವಾರ್ಥವೂ ಕೂಡಿಕೊಂಡೇ ಗುಂಡಿಯು ಆಳವಾಗಿದೆ. ಸ್ವರಾಜ್ಯವೆಂದರೆ ವಿಧಾನಸೌಧದ ಮೇಲಿನ ಬಾವುಟವಷ್ಟೇ ಅಲ್ಲ. ತನ್ನ ಮನೆಯ ಮುಂದಿನ ಹತ್ತು ಗಜ ನೆಲವೂ ದೇಶವೇ ಎಂದು ತಿಳಿಯುವುದು ಅದರ ಮೊದಲನೆಯ ಪಾಠ.

ಆದುದರಿಂದ ನಗರದ ಹೊಸ ಪಾಲಿಕೆಗಳಿಗೂ ರಾಜ್ಯ ಸರ್ಕಾರಕ್ಕೂ ನಮ್ಮ ವಿಜ್ಞಾಪನೆಗಳು ಇವು. ಪ್ರತಿಯೊಂದು ರಸ್ತೆಗೂ ಒಂದು ಪುಸ್ತಕವಿರಲಿ. ಅದನ್ನು ಯಾವಾಗ ಹಾಕಿದರು, ಯಾರು ಅಗೆದರು, ಯಾವ ಗುತ್ತಿಗೆದಾರನು ಎಷ್ಟು ಹಣಕ್ಕೆ ಮುಚ್ಚಿದನು, ಯಾವ ಎಂಜಿನಿಯರು ಒಪ್ಪಿದನು, ದೋಷಕ್ಕೆ ಗುತ್ತಿಗೆದಾರನ ಹೊಣೆಯು ಯಾವ ತಾರೀಖಿನವರೆಗೆ ಇರುವುದು, ಇವೆಲ್ಲವನ್ನೂ ವಾರ್ಡಿನ ಕಚೇರಿಯ ಗೋಡೆಯ ಮೇಲೆ ಶುದ್ಧ ಕನ್ನಡದಲ್ಲಿ ಬರೆಯಿಸಲಿ. ಗೋಡೆಯ ಬರಹಗಳಲ್ಲಿ ಅದಕ್ಕಿಂತ ಸುಂದರವಾದುದು ಮತ್ತೊಂದಿರದು. ಒಂದೇ ಜಾಗದಲ್ಲಿ ಎರಡನೆಯ ಸಲ ಗುಂಡಿ ಬಿದ್ದರೆ, ಮುಚ್ಚುವುದಕ್ಕೆ ಮೊದಲು ಕಾರಣವನ್ನು ಬರೆದಿಡುವುದು ಕಡ್ಡಾಯವಾಗಲಿ. ಚುನಾಯಿತ ಸದಸ್ಯರಿಲ್ಲದೆ ನಗರವನ್ನು ವರ್ಷಗಟ್ಟಲೆ ಆಳುವ ಪದ್ಧತಿಯು ಮತ್ತೆಂದೂ ಬಾರದಿರಲಿ. ಬೀದಿಯ ಕಲಾವಿದರನ್ನು ವಿರೂಪದ ಶಾಸನದಿಂದ ಹೆದರಿಸದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಮರುದಿನವೇ ಕೆಲಸ ಆರಂಭಿಸಬಲ್ಲೆವೆಂದು ಹೇರೋಹಳ್ಳಿಯಲ್ಲಿ ತೋರಿಸಿಕೊಟ್ಟ ಆ ವೇಗವನ್ನು, ಅಂಚೆಯಲ್ಲಿ ಬಂದ ಬಡವನ ಅರ್ಜಿಗೂ ಕೊಡಲಿ.

ಚಿತ್ರಕಾರರಿಗೆ ನಾವು ಏನೆಂದು ಹರಸಬೇಕು? ಸಾಮಾನ್ಯವಾಗಿ ಕಲಾವಿದನಿಗೆ ನಿನ್ನ ಕೃತಿಯು ಚಿರಕಾಲ ಬಾಳಲಿ ಎನ್ನುವುದು ವಾಡಿಕೆ. ಇವರ ವಿಷಯದಲ್ಲಿ ಆ ಹಾರೈಕೆಯು ಶಾಪವಾದೀತು. ಇವರ ಚಿತ್ರವು ಅಳಿದರೆ ಊರಿಗೆ ಲಾಭ. ಸಂಜೆಗೆ ಅಳಿಸಿಹೋಗುವ ರಂಗೋಲಿಯನ್ನು ಕುರಿತು ನಮ್ಮ ತಾಯಂದಿರು ದುಃಖಿಸುವುದಿಲ್ಲ. ಮಾರನೆಯ ಬೆಳಗ್ಗೆ ಹಸನಾದ ನೆಲದ ಮೇಲೆ ಬೇರೊಂದನ್ನು ಬಿಡಿಸುತ್ತಾರೆ. ಬೇರೊಂದು ಚಿತ್ರಕ್ಕೆ ಬೇಕಾದ ಗುಂಡಿಯೇ ದೊರೆಯದೆ ನಂಜುಂಡಸ್ವಾಮಿಯವರು ಬಣ್ಣದ ಡಬ್ಬಿಗಳನ್ನು ಹಿಡಿದು ಬೀದಿಬೀದಿ ಸುತ್ತಿ ಬೇಸರದಿಂದ ಹಿಂದಿರುಗುವ ದಿನವು ಬೇಗ ಬರಲಿ. ಆ ದಿನ ಅವರು ಯಾವುದಾದರೊಂದು ಶಾಲೆಯ ಗೋಡೆಯ ಮೇಲೆ, ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ನಿಜವಾದ ಚಂದ್ರನನ್ನೇ ಬರೆಯಲಿ.